ವಸಂತಿಯ ಬಾಯಲ್ಲಿ ನನ್ನ ದನಿ

೧೮ ಜನವರಿ ೧೯೮೫, ಶುಕ್ರವಾರ

ನಿನ್ನೆ ಆಸ್ಪತ್ರೆಯಿಂದ ಬಿಟ್ಟರು. ಟ್ಯಾಕ್ಸಿಯವನಿಗೆ ‘ದಹಿಸರ್’ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವನಿಗೆ ಓದು ಬಾರದು. ಕೊನೆಗೆ ಟ್ರಾಫಿಕ್ ಪೊಲೀಸಿನವನ ಹಾಗೆ ಎಡಕ್ಕೆ ಬಲಕ್ಕೆ ಕೈಮಾಡುತ್ತಾ ಮನೆಯವರೆಗೂ ಬಂದೆ. ಇದೇ ಬೊಂಬಾಯಿಯಲ್ಲಿ ಇಪ್ಪತ್ತೆರಡು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದ ರಮಾಮಣಿಯ ಗತಿ ನೋಡು.

ಆಸ್ಪತ್ರೆಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಕುತ್ತಿಗೆಯಲ್ಲಿ ನಿಂಬೆಕಾಯಿ ಗಾತ್ರದ ಗಂಟಾಗಿತ್ತು, ಥೈರಾಯ್ಡ್ ಗ್ರಂಥಿಯನ್ನೇ ಪೂರ್ತಿ ತೆಗೆದರು, ಗಂಟು ಕೆಟ್ಟ ಜಾತಿಯದಲ್ಲವೆಂದು ರಿಪೋರ್ಟ್ ಬಂತು, ಮುಗಿಯಿತು. ಇನ್ನು ಸಾಯುವ ತನಕ ದಿನವೂ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ಅದಕ್ಕೆ ನನ್ನ ತಕರಾರಿಲ್ಲ. ದನಿ ಹೋಗಿದೆ, ತಕರಾರಿರುವುದು ಅದಕ್ಕೆ.

ದನಿಯ ನರಕ್ಕೆ ಪೆಟ್ಟಾಗಿದೆಯಂತೆ. ಮೂರು ತಿಂಗಳಿಗೆ ಬರಬಹುದು, ಆರಕ್ಕೂ ಬರಬಹುದು, ಮೊದಲಿನ ಹಾಗೆಯೇ ಬರುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ಪಿಸುಮಾತು ಮಾತ್ರ ಬೇಡ, ಅದರಿಂದ ಇನ್ನೂ ಕೆಡುತ್ತದೆ ಎಂದು ಎರಡೆರಡು ಸಲ ಎಚ್ಚರಿಸಿದರು. ಪಿಸುಗುಟ್ಟುವುದಕ್ಕೆ ನಮ್ಮ ಮನೆಯಲ್ಲಿ ಯಾರಿದ್ದಾರೆ? ಅವರಿಗೇನು ಗೊತ್ತು.

ಇದು ಕಂಪನಿಯವರು ಹೊಸವರ್ಷಕ್ಕೆ ಕೊಟ್ಟ ಡೈರಿ. ಪ್ರತಿ ವರ್ಷ ಯಾರಿಗಾದರೂ ಕೊಟ್ಟುಬಿಡುತ್ತಿದ್ದೆ. ಈ ಸಲ ಬಾಯಿಯ ಬದಲು ಇದು.

೨೩ ಜನವರಿ, ಬುಧವಾರ

ಎದುರುಮನೆಯ ಮಲ್ಲಕ್ಕ ಬಂದಿದ್ದಳು. ಬಾಗಲಕೋಟೆ ಕಡೆಯವಳು. ಗಂಡ ಶೆಟ್ಟೆಪ್ಪ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಐದು ವರ್ಷದಿಂದ ಎದುರುಬದುರು ಇದ್ದರೂ ಬಾಗಿಲ ಬೀಗ ಹಾಕುವಾಗ ತೆಗೆಯುವಾಗ ನಗುವುದು ಬಿಟ್ಟರೆ ನಮ್ಮಿಬ್ಬರಿಗೂ ಮಾತಿರಲಿಲ್ಲ. ನನಗೆ ದನಿ ಹೋಗಿದೆ ಎಂದರೆ ಕಿವಿಯೂ ಹೋಗಿದೆ ಎಂದು ಅವಳ ಲೆಕ್ಕ.

“ಅಕ್ಕಾರ! ಕೇಳಸ್ತೈತೇನ್ರೀ? ಜ್ವಾಳದ ರೊಟ್ಟಿ ಹಾಲಾಗ ನೆನಸಿ ತಂದೀನಿ! ಸಾವಕಾಶ ನುಂಗ್ರಿ!”

ಸ್ಲೇಟಿನ ಮೇಲೆ ‘ಕಿವಿ ಸರಿಯಾಗಿದೆ’ ಎಂದು ಬರೆದು ತೋರಿಸಿದೆ. ಅವಳಿಗೂ ಓದು ಬಾರದು. ಸ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿ, “ಭಾಳ ಚಂದ ಅದಾವ್ರೀ ಅಕ್ಷರ!” ಎಂದು ಮತ್ತೂ ಕೂಗಿದಳು. ಮೂರನೆಯ ಮಹಡಿಯವರಿಗೆಲ್ಲ ನಾನು ಇವತ್ತು ಏನು ತಿಂದೆ ಎಂದು ಗೊತ್ತಾಯಿತು. ನಗು ಬಂದು ಹೊಲಿಗೆ ಎಳೆಯಿತು.

ಅವಳು ಹೋದ ಮೇಲೆ ಮನೆ ತೀರಾ ಖಾಲಿಯಾಯಿತು. ರೇಡಿಯೋದಲ್ಲಿ ಗುಜರಾತಿಯವರು ಹತ್ತಿಯ ಧಾರಣೆ ಓದುತ್ತಿದ್ದರು. ಕೊನೆಯವರೆಗೂ ಕೇಳಿದೆ.

೩ ಫೆಬ್ರವರಿ, ಭಾನುವಾರ

ನಿನ್ನೆ ತಿಂಗಳ ಮೊದಲ ಶನಿವಾರ. ಆಫೀಸಿನ ಟೆಲಿಫೋನ್ ಬೋರ್ಡಿನಿಂದ ಮೈಸೂರಿಗೆ, ಅಮ್ಮನಿಗೆ ಟ್ರಂಕ್ ಕಾಲ್ ಮಾಡುವ ದಿನ. ಹತ್ತು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಅಮ್ಮನಿಗೆ ಎರಡೂ ಕಣ್ಣು ಕಾಣದು. ತಂಗಿ ಪಂಕಜಾಳ ಮನೆಯಲ್ಲಿದ್ದಾಳೆ. ನಿನ್ನೆ ಮಧ್ಯಾಹ್ನ ಫೋನಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದಿರಬೇಕು.

ಆಪರೇಷನ್ನಿನ ವಿಷಯ ಅಮ್ಮನಿಗೆ ಹೇಳಿಲ್ಲ. ಪಂಕಜಾಳಿಗೂ ಎಲ್ಲ ಮುಗಿದ ಮೇಲೆ ಬರೆದೆ. ಅವಳು ನಾಲ್ಕು ಪುಟ ಬೈದು, ಕೊನೆಯ ಸಾಲಿನಲ್ಲಿ “ಬೊಂಬಾಯಿ ಲೈನು ಕೆಟ್ಟಿದೆ ಅಂತ ಅಮ್ಮನಿಗೆ ಹೇಳಿದೀನಿ, ಬೇಗ ಸರಿಮಾಡಿಕೋ” ಎಂದು ಬರೆದಿದ್ದಾಳೆ.

ಫೋನಿನಲ್ಲಿ ನಾನೂ ಅಮ್ಮನೂ ಮಾಡುವುದು ಜಗಳ. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಲ್ಲ ಎಂದು ಅವಳು ಹಟ ಹಿಡಿಯುತ್ತಾಳೆ, ನಾನು ಕೂಗಾಡುತ್ತೇನೆ. ನೀನು ಒಣಗಿಹೋಗಿದೀಯ, ದನಿಯಲ್ಲೇ ಗೊತ್ತಾಗುತ್ತೆ ಎನ್ನುತ್ತಾಳೆ. ಇಲ್ಲ, ಚೆನ್ನಾಗಿದೀನಿ, ಬೇಕಾದಷ್ಟು ಜನ ಇದಾರೆ ನನಗಿಲ್ಲಿ ಎನ್ನುತ್ತೇನೆ. ಬೋರ್ಡಿನಲ್ಲಿ ನನ್ನ ಪಕ್ಕ ಕೂರುವ ಉಡುಪಿಯ ಹುಡುಗಿ ವಸಂತಿ ಕಿಸಕ್ಕನೆ ನಗುತ್ತಾಳೆ. “ಗಿರಾಕಿಗಳಿಗೆ ಜೇನುತುಪ್ಪ, ಅಮ್ಮನಿಗೆ ಗಾಂಧಾರಿ ಮೆಣಸು ಅಲ್ವಾ ಅಕ್ಕ?”

ಹೌದು, ಹಾಗೇ. ದಿನವಿಡೀ ಜೇನುತುಪ್ಪ ಸುರಿದು ಸಾಕಾಗಿರುತ್ತದೆ. ಬೈಯುವುದಕ್ಕೆ ನನಗೂ ಒಬ್ಬರು ಬೇಡವೇ?

೧೪ ಫೆಬ್ರವರಿ, ಗುರುವಾರ

ಸದ್ದು ಬಂತು! ಆಸ್ಪತ್ರೆಯಲ್ಲಿ ಕಲಿಸಿದ್ದ ಅಭ್ಯಾಸ ಮಾಡುತ್ತಿದ್ದೆ. ಎದೆಯ ಮೇಲೆ ಕೈಯಿಟ್ಟು, ಉಸಿರು ಎಳೆದು, “ಆ”. ಮೂರು ವಾರದಿಂದ ಬರೀ ಗಾಳಿ ಬರುತ್ತಿತ್ತು. ಇವತ್ತು ಗಾಳಿಯ ಹಿಂದೆ ಏನೋ ಬಂತು. ಬೆಳಿಗ್ಗೆ ನೀರು ಬಿಡುವ ಮೊದಲು ನಮ್ಮ ಬಿಲ್ಡಿಂಗಿನ ನಲ್ಲಿ ಗೊರಗೊರ ಎನ್ನುತ್ತದಲ್ಲ, ಅದೇ.

ಮಲ್ಲಕ್ಕ ಓಡಿಬಂದಳು. “ಯಾರ್ ಬಂದಾರ್ರೀ ಅಕ್ಕಾರ, ಗಂಡಸರ ದನಿ ಕೇಳ್ತು?”

ನಲವತ್ತೇಳು ವರ್ಷ ಮದುವೆಯಾಗದೆ ಇದ್ದವಳ ಮನೆಯಲ್ಲಿ ಕೊನೆಗೂ ಗಂಡಸಿನ ದನಿ. ಅವಳಿಗೆ ಇನ್ನೊಮ್ಮೆ ಮಾಡಿ ತೋರಿಸಿದೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡಳು. ಅದೇಕೋ ತಿಳಿಯಲಿಲ್ಲ.

ಇದು ಆರಂಭ. ಹಳೆಯದು ಇದರ ಹಿಂದೆಯೇ ಬರುತ್ತದೆ. ಬರಲೇಬೇಕು.

೨೫ ಫೆಬ್ರವರಿ, ಸೋಮವಾರ

ಆಫೀಸಿಗೆ ಹೋದೆ. ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡಿದ್ದೆ.

ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದ ತಕ್ಷಣ ಕೂತವರನ್ನು “ಕುಠೇ ಉತರಣಾರ್?”, ಎಲ್ಲಿ ಇಳಿಯುತ್ತೀರಿ, ಎಂದು ಕೇಳಬೇಕು. ಯಾರು ಮೊದಲು ಕೇಳುತ್ತಾರೋ ಅವರಿಗೆ ಆ ಸೀಟು. ಇಷ್ಟು ವರ್ಷ ಆ ಪ್ರಶ್ನೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಇವತ್ತು ಅಂಧೇರಿಯಲ್ಲಿ ಇಳಿಯುವಂತಿದ್ದ ಒಬ್ಬಳ ಮುಂದೆ ನಿಂತು ಬಾಯಿ ತೆರೆದೆ. ಗಾಡಿಯ ಸದ್ದಿನಲ್ಲಿ ನನ್ನ ಗೊರಗೊರ ನನಗೇ ಕೇಳಲಿಲ್ಲ. ಹಿಂದಿನಿಂದ ಒಬ್ಬಳು ಕೇಳಿದಳು, ಸೀಟು ಅವಳದಾಯಿತು. ಚರ್ಚ್‌ಗೇಟ್ ತನಕ ನಿಂತೇ ಹೋದೆ. ಅವಳ ತಪ್ಪಿಲ್ಲ, ಪದ್ಧತಿ ಅಂದರೆ ಪದ್ಧತಿ.

ಬೋರ್ಡಿನ ಮುಂದೆ ವಸಂತಿ ಕೂತಿದ್ದಳು. ನನ್ನನ್ನು ಕಂಡು ಎದ್ದು ಅಪ್ಪಿಕೊಂಡಳು. ಅಷ್ಟರಲ್ಲಿ ದೀಪ ಹತ್ತಿತು, ಕೂತು ಪ್ಲಗ್ ಹಾಕಿ ಮಾತಾಡಿದಳು. ನಾನು ಹಿಂದೆ ನಿಂತು ಕೇಳಿದೆ. ನನ್ನ ಗುಡ್ ಮಾರ್ನಿಂಗ್. ನನ್ನ “ಒನ್ ಮೊಮೆಂಟ್ ಪ್ಲೀಸ್”. ಕೊನೆಯಲ್ಲಿ ದನಿಯನ್ನು ಸ್ವಲ್ಪ ಮೇಲಕ್ಕೆತ್ತಿ ಬಿಡುವುದೂ ನನ್ನದೇ. ನಾನೇ ಕಲಿಸಿದ್ದು. ನಗುತ್ತಾ ಮಾತಾಡು, ಮುಖ ಕಾಣದಿದ್ದರೂ ನಗು ಕೇಳಿಸುತ್ತದೆ. ಆ ಕಡೆಯವರು ಏನೇ ಅಂದರೂ ಎದುರಾಡಬೇಡ.

“ನನ್ನ ಬಗ್ಗೆ ಯಾರಾದರೂ ಕೇಳಿದರಾ?” ಎಂದು ಬರೆದು ತೋರಿಸಿದೆ.

ಅವಳು ಮುಖ ಸಣ್ಣ ಮಾಡಿದಳು. “ಅಕ್ಕ, ಬೇಜಾರು ಮಾಡ್ಬೇಡಿ. ಅವರೆಲ್ಲ ನನ್ನನ್ನೇ ನೀವು ಅಂತ ತಿಳ್ಕೊಂಡಿದ್ದಾರೆ. ಮೊದಲೆರಡು ದಿನ ಅಲ್ಲ ಅಲ್ಲ ಅಂದೆ. ಮತ್ತೆ ಬಿಟ್ಟೆ.”

ಇಪ್ಪತ್ತೆರಡು ವರ್ಷ ದಿನಕ್ಕೆ ಇನ್ನೂರು ಜನರ ಜೊತೆ ಮಾತಾಡಿದ್ದೇನೆ. ಆರು ವಾರ ನಾನಿಲ್ಲದ್ದು ಒಬ್ಬರಿಗೂ ಗೊತ್ತಾಗಿಲ್ಲ. ಹೊಟ್ಟೆಕಿಚ್ಚಾಯಿತು. ಪಾಪದ ಹುಡುಗಿಯ ಮೇಲೆ ಕೋಪ ಬಂತು, ಅದಕ್ಕೆ ನಾಚಿಕೆಯೂ ಆಯಿತು.

ಆಡಳಿತದ ಕರಂದೀಕರ್ ಸಾಹೇಬರು ನನ್ನನ್ನು ಸದ್ಯಕ್ಕೆ ಡಿಸ್ಪ್ಯಾಚಿಗೆ ಹಾಕಿದ್ದಾರೆ. ಕವರಿಗೆ ಅಂಟು ಹಚ್ಚುವುದು.

೨ ಮಾರ್ಚ್, ಶನಿವಾರ

ಮತ್ತೆ ಮೊದಲ ಶನಿವಾರ. ಈಗ ಮಾತು ಬರುತ್ತದೆ, ನಿಜ. ಕೆಳಗಿನ ಸ್ಥಾಯಿ, ಒರಟು, ನಡುನಡುವೆ ಕಡಿದುಹೋಗುತ್ತದೆ. ಬೆಳಿಗ್ಗೆ ಡಿಸ್ಪ್ಯಾಚಿನ ಫೋನು ಎತ್ತಿ “ಹಲೋ” ಎಂದೆ. ಆ ಕಡೆಯವನು ನನ್ನನ್ನು ಗಂಡಸೆಂದುಕೊಂಡು, “ಭಾಯಿಸಾಬ್, ಜರಾ ಕಿಸೀ ಲೇಡೀಸ್ ಕೋ ಫೋನ್ ದೋ” ಎಂದ.

ಅಮ್ಮನಿಗೆ ಮಾಡಲಿಲ್ಲ. ಈ ದನಿಯನ್ನು ಕೇಳಿ, ಯಾರಪ್ಪ ಮಾತಾಡೋದು ಎಂದರೆ ಏನು ಹೇಳಲಿ? ಏಪ್ರಿಲ್ ಹೊತ್ತಿಗೆ ಸರಿಹೋಗುತ್ತದೆ.

೧೨ ಮಾರ್ಚ್, ಮಂಗಳವಾರ

ಪಂಕಜಾಳ ಕಾಗದ ಬಂದಿದೆ. ಎರಡು ಸಲ ಓದಿದೆ.

“ರಮಕ್ಕ, ಇನ್ನು ನನ್ನ ಕೈಲಿ ಆಗಲ್ಲ. ನೀನು ಸತ್ತುಹೋಗಿದೀಯ, ನಾವೆಲ್ಲ ಮುಚ್ಚಿಡ್ತಾ ಇದೀವಿ ಅಂತ ಅಮ್ಮ ತೀರ್ಮಾನ ಮಾಡಿಬಿಟ್ಟಿದಾಳೆ. ನಿನ್ನ ಕಾಗದ ಓದಿದರೆ, ಇದು ನೀನೇ ಕಟ್ಟಿ ಹೇಳ್ತಿರೋದು, ನನಗೆ ಕಣ್ಣು ಕಾಣಲ್ಲ ಅಂತ ತಾನೇ ಅಂತಾಳೆ. ನಾಣಿ ಹೋದಾಗ್ಲೂ ಹೀಗೇ ಮಾಡಿದ್ರಿ ಅಂತಾಳೆ. ರಾತ್ರಿ ಊಟ ಬಿಟ್ಟು ಎಂಟು ದಿನ ಆಯ್ತು. ಹೇಗಾದರೂ ಮಾಡಿ ಬಾ, ಇಲ್ಲ ಒಂದು ಸಲ ಫೋನಿನಲ್ಲಿ ಮಾತಾಡು.”

ನಾಣಿ ನಮ್ಮ ಅಣ್ಣ. ಎಂಟು ವರ್ಷದ ಹಿಂದೆ ಭಿಲಾಯಿಯಲ್ಲಿ ತೀರಿಕೊಂಡ. ಅಮ್ಮನಿಗೆ ಆಗ ತಾನೇ ಕಣ್ಣಿನ ಆಪರೇಷನ್ ಆಗಿತ್ತು, ಅತ್ತರೆ ಇರುವ ಬೆಳಕೂ ಹೋಗುತ್ತದೆ ಎಂದಿದ್ದರು. ಹದಿಮೂರು ದಿನ ಮುಚ್ಚಿಟ್ಟೆವು. ಮುಚ್ಚಿಟ್ಟೆವು ಎಂದರೇನು, ಮುಚ್ಚಿಟ್ಟವಳು ನಾನು. “ನಾಣಿಗೆ ಟೂರು ಅಮ್ಮ, ಬಂದ ತಕ್ಷಣ ಫೋನು ಮಾಡ್ತಾನೆ” ಎಂದು ಬೋರ್ಡಿನ ಜೇನುತುಪ್ಪದ ದನಿಯಲ್ಲಿ ಮೂರು ಸಲ ಹೇಳಿದೆ. ಒಂದು ಸಲವೂ ದನಿ ನಡುಗಲಿಲ್ಲ. ಅಮ್ಮ ನಂಬಿದಳು. ಬೆಳಕು ಹೇಗೂ ಉಳಿಯಲಿಲ್ಲ.

ಹೋಗಬಹುದು. ರಜೆ ಒಂದು ದಿನವೂ ಉಳಿದಿಲ್ಲ, ಏಪ್ರಿಲ್ ತನಕ ಕೇಳಲೇಬೇಡಿ ಎಂದಿದ್ದಾರೆ ಕರಂದೀಕರ್. ಕಾಲು ಹಿಡಿದರೆ ಕೊಟ್ಟಾರು. ಆದರೆ ಹೋದರೆ ಅಮ್ಮ ಮೊದಲು ಮುಖ ಸವರುತ್ತಾಳೆ, ಆಮೇಲೆ ಕುತ್ತಿಗೆ. ಕುತ್ತಿಗೆಯ ಈ ಪಕ್ಕದಿಂದ ಆ ಪಕ್ಕದ ತನಕ ಎದ್ದಿರುವ ಗಾಯದ ಮೇಲೆ ಅವಳ ಬೆರಳು ಬರುವುದನ್ನು ನೆನೆಸಿಕೊಂಡರೆ ನನಗೆ ಆಗುವುದಿಲ್ಲ.

ಅಮ್ಮನಿಗೆ ಬೇಕಾದದ್ದು ಹಳೆಯ ದನಿ. ಅದೊಂದು ನನ್ನ ಹತ್ತಿರ ಇಲ್ಲ.

೧೩ ಮಾರ್ಚ್

ಮಾತ್ರೆ ನುಂಗುವುದು ಮರೆತೆ. ಅಮ್ಮ ರಾತ್ರಿ ಊಟ ಬಿಟ್ಟು ಹತ್ತು ದಿನ ದಾಟಿರಬೇಕು.

೧೫ ಮಾರ್ಚ್, ಶುಕ್ರವಾರ

ದನಿ ಇದೆ. ವಸಂತಿಯ ಹತ್ತಿರ ಇದೆ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಊಟದ ಹೊತ್ತಿನಲ್ಲಿ ಅವಳನ್ನು ಡಿಸ್ಪ್ಯಾಚಿಗೆ ಕರೆದು ಹೇಳಿದೆ. ಅವಳ ಕೈಯಲ್ಲಿದ್ದ ತುತ್ತು ಡಬ್ಬಿಗೇ ಬಿತ್ತು.

“ನಾನು ನೀವು ಅಂತ ಮಾತಾಡುದಾ? ಬೇಡ ಅಕ್ಕ, ನಂಗೆ ಹೆದ್ರಿಕೆ ಆಗ್ತದೆ. ಕಣ್ಣು ಕಾಣದ ಪ್ರಾಯ ಆದವರಿಗೆ ಹಾಗೆಲ್ಲ ಮಾಡ್ಬಾರ್ದು.”

“ಎರಡು ನಿಮಿಷ. ಅವಳು ಊಟ ಬಿಟ್ಟಿದಾಳೆ ವಸಂತಿ. ಊಟ ಮಾಡಲಿ ಅಂತ ಅಷ್ಟೆ.”

“ಅವರು ಎಂತಾದ್ರೂ ಕೇಳಿದ್ರೆ?”

“ಏನೇ ಅಂದರೂ ಹೂಂ ಅಮ್ಮ ಅನ್ನು. ಮುಗಿಸು. ಏಪ್ರಿಲ್ ತನಕ ನಡೀಲಿ, ಆಮೇಲೆ ನನಗೇ ದನಿ ಬರುತ್ತೆ.”

ಒಂದು ಹಾಳೆಯಲ್ಲಿ ಮಾತುಗಳನ್ನೆಲ್ಲ ಬರೆದುಕೊಟ್ಟೆ. ‘ಹೇಗಿದ್ದೀ’ ಅನ್ನಬೇಡ, ‘ಹೇಗಿದೀಯ’ ಅನ್ನು. ‘ಉಂಟು’ ಬಾಯಿಗೆ ಬರಲೇಕೂಡದು. ಅರ್ಧ ಗಂಟೆ ಗಿಳಿಗೆ ಕಲಿಸಿದ ಹಾಗೆ ಕಲಿಸಿದೆ. ಚುರುಕು ಹುಡುಗಿ. ಕೊನೆಯಲ್ಲಿ ಕಣ್ಣು ಮುಚ್ಚಿ ಕೇಳಿದರೆ ನನಗೇ ನಾನು ಮಾತಾಡಿದಂತಿತ್ತು. ನಾಳೆ ಒಂದು ಗಂಟೆಗೆ ಕಾಲ್ ಬುಕ್ ಮಾಡಿದ್ದೇನೆ.

ಮನೆಗೆ ಬಂದ ಮೇಲೆ ಯಾಕೋ ಮಲ್ಲಕ್ಕನ ಬಾಗಿಲು ತಟ್ಟಿ ವಿಷಯ ಹೇಳಿದೆ. ಅವಳು ಒಮ್ಮೆಯೂ ಕೂಗದೆ ಕೇಳಿದಳು. “ತಾಯಿ ಕಿವಿ ಅಕ್ಕಾರ, ಸುಮ್ನ ಅಲ್ಲ ಅದು” ಎಂದಳು. ಅವಳಿಗೇನು ಗೊತ್ತು ಆಪರೇಟರರ ಕೆಲಸ.

೧೬ ಮಾರ್ಚ್, ಶನಿವಾರ

ಆದದ್ದು ಆದಂತೆ ಬರೆಯುತ್ತೇನೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ಮೈಸೂರು ಸಿಕ್ಕಿತು. ಅರ್ಧ ದಿನದ ಆಫೀಸು ಮುಗಿದು ಎಲ್ಲರೂ ಹೋಗಿದ್ದರು. ಬೋರ್ಡಿಗೆ ಎರಡು ಹೆಡ್‌ಸೆಟ್ ಇವೆ. ಒಂದನ್ನು ವಸಂತಿ ಹಾಕಿಕೊಂಡಳು, ಇನ್ನೊಂದನ್ನು ನಾನು ಹಾಕಿಕೊಂಡು ನನ್ನ ಸದ್ದು ಆ ಕಡೆ ಹೋಗದಂತೆ ಬಾಯಿಯ ಕಡೆಯ ಸ್ವಿಚ್ ಮುಚ್ಚಿದೆ. ಪಂಕಜಾ ಎತ್ತಿದಳು. “ಅಮ್ಮಾ, ಬೊಂಬಾಯಿ! ರಮಕ್ಕ!” ಎಂದು ಕೂಗಿದಳು. ಕುರ್ಚಿ ಎಳೆದ ಸದ್ದಾಯಿತು. ಎರಡು ತಿಂಗಳ ಮೇಲೆ ಅಮ್ಮನ ಉಸಿರು ಕೇಳಿದೆ.

“ರಮಾನೇನೇ?”

“ಹೂಂ ಅಮ್ಮ, ನಾನೇ. ಹೇಗಿದೀಯ?” ಎಂದಳು ವಸಂತಿ. ಅದೇ ದನಿ, ಅದೇ ನಗು. ಒಂದು ಕೂದಲೆಳೆಯಷ್ಟೂ ಬೇರೆಯಿಲ್ಲ.

“ಬದುಕಿದೀಯೇನೇ? ದೇವರೇ. ಲೈನು ಈಗ ಸರಿಹೋಯ್ತಾ?”

“ಹೂಂ ಅಮ್ಮ, ನಿನ್ನೆ ಸರಿಹೋಯ್ತು. ನಾನು ಚೆನ್ನಾಗಿದೀನಿ. ನೀನು ಏನೂ ಯೋಚನೆ ಮಾಡಬೇಡ.”

ನಾನು ಗೆದ್ದೆ ಎಂದುಕೊಂಡೆ. ಅಮ್ಮ ಮೂಗು ಒರೆಸಿಕೊಂಡಳು. “ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳೋದು ಬಿಟ್ಟಿದೀನಿ ಕಣೆ” ಎಂದಳು.

“ಆಗಲಿ ಅಮ್ಮ, ನಿನ್ನಿಷ್ಟ.”

“ರಾತ್ರಿ ಊಟಾನೂ ಬಿಟ್ಟಿದೀನಿ.”

ವಸಂತಿ ಗಾಬರಿಯಿಂದ ನನ್ನ ಕಡೆ ನೋಡಿದಳು. ಈ ಮಾತಿಗೆ ಹಾಳೆಯಲ್ಲಿ ಉತ್ತರವಿರಲಿಲ್ಲ. ನಾನು ಕೈಯಾಡಿಸುವಷ್ಟರಲ್ಲಿ, ಕಲಿಸಿದ್ದನ್ನೇ ಹೇಳಿಬಿಟ್ಟಳು. “ಹೂಂ ಅಮ್ಮ.”

ಆಮೇಲೆ ಅಮ್ಮ ಬಹಳ ಮೆಲ್ಲಗೆ ಕೇಳಿದಳು.

“ಯಾರ ಮಗಳಮ್ಮ ನೀನು? ನಮ್ಮ ರಮಾ ಇಷ್ಟು ವರ್ಷದಲ್ಲಿ ನನ್ನ ಒಂದು ಮಾತಿಗೂ ಹೂಂ ಅಂದವಳಲ್ಲ. ಯಾವತ್ತು ಹೋದಳು ಅವಳು? ನಾನು ಅಳಲ್ಲ. ತಾರೀಕು ಹೇಳಿಬಿಡು.”

ವಸಂತಿ ಹೆಡ್‌ಸೆಟ್ ಕಿತ್ತು ಮೇಜಿನ ಮೇಲಿಟ್ಟು ಬಾಯಿಗೆ ಕೈ ಅಡ್ಡ ಹಿಡಿದಳು. ಸ್ವಿಚ್ ತೆರೆದೆ.

“ಅಮ್ಮ” ಎಂದೆ.

“ಈಗ ಇದ್ಯಾರು? ಗಂಡಸರು?”

“ನಾನೇ ಅಮ್ಮ. ರಮಾ.”

“ಸಾಕು” ಎಂದಳು ಅಮ್ಮ. “ಪಂಕಜಾ, ಬಾ. ಇಡು ಇದನ್ನ.”

ಇಟ್ಟುಬಿಟ್ಟರೆ ಮುಗಿಯಿತು. ಇನ್ನು ಯಾರು ಏನು ಹೇಳಿದರೂ ಅವಳು ನಂಬುವುದಿಲ್ಲ. ಭಯಕ್ಕೋ ಏನೋ, ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಇಟ್ಟರೆ ನೋಡು! ರಾತ್ರಿ ಊಟ ಬಿಡೋಕೆ ಏನು ಧಾಡಿ ನಿನಗೆ? ಪಂಕಜಾ ಬಡಿಸಿಟ್ಟು ಕಾಯ್ತಾ ಇರ್ತಾಳೆ, ನೀನು ಗೋಡೆ ಕಡೆ ತಿರುಗಿ ಮಲಗ್ತೀಯ ಅಲ್ವಾ? ನಾನಿನ್ನೂ ಬದುಕಿದೀನಿ, ಆಗಲೇ ಸೂತಕ ಶುರುಮಾಡ್ಕೊಂಡು ಕೂತಿದೀಯಾ? ಮಂಡಿಗೆ ಎಣ್ಣೆ ಹಚ್ಚಲ್ವಂತೆ! ಬಿದ್ದು ಸೊಂಟ ಮುರ್ಕೊಂಡ್ರೆ ಎತ್ತೋರು ಯಾರು, ನಿಮ್ಮಪ್ಪ ಬರ್ತಾನಾ?”

ಅರ್ಧ ಮಾತು ಗಾಳಿಯಾಗಿ ಹೋಯಿತು. ಕೆಲವು ಕಡೆ ದನಿ ಒಡೆಯಿತು, ಕೆಲವು ಕಡೆ ಇರಲೇ ಇಲ್ಲ. ನಿಲ್ಲಿಸಿದಾಗ ಏದುಸಿರು ಬರುತ್ತಿತ್ತು.

“ಬೈತೀಯಾ?” ಎಂದಳು ಅಮ್ಮ. “ಹೆತ್ತ ತಾಯೀಗೆ ಬೈತೀಯಾ? ಎಂಬತ್ತು ವರ್ಷ ನನಗೆ.”

“ಎಪ್ಪತ್ತೆಂಟು. ಸುಳ್ಳು ಹೇಳಬೇಡ.”

ಅಮ್ಮ ಅಳತೊಡಗಿದಳು. “ಬೈಯಿ” ಎಂದಳು. “ಇನ್ನೊಂದು ಸ್ವಲ್ಪ ಬೈಯಿ.” ನಾನು ಬೈದೆ. ಏನು ಬೈದೆನೋ ನೆನಪಿಲ್ಲ. ವಸಂತಿ ನೀರು ತಂದುಕೊಟ್ಟಳು.

“ಗಂಟಲಿಗೆ ಏನಾಯ್ತೇ ನಿನಗೆ?”

ಹೇಳಿದೆ. ಗಂಟು, ಆಪರೇಷನ್, ಮಾತ್ರೆ, ದನಿ. ದನಿ ಮೊದಲಿನ ಹಾಗೆ ಬರಲಿಕ್ಕಿಲ್ಲ ಎಂದೂ ಹೇಳಿದೆ. ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅಮ್ಮ ಬೇರೆಯೇ ಕೇಳಿದಳು.

“ಅಂಥಾ ಹೊತ್ತಲ್ಲಿ ಹತ್ತಿರ ಯಾರಿದ್ರೇ?”

ಆಫೀಸಿನವರೆಲ್ಲ ಇದ್ದರು ಅಮ್ಮ, ಎದುರುಮನೆಯವರಿದ್ದರು, ಕೂರಲು ಜಾಗವಿರಲಿಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹಳೆಯ ದನಿಯಿದ್ದರೆ ಸಲೀಸಾಗಿ ಹೇಳಿಬಿಡುತ್ತಿದ್ದೆ.

“ಯಾರೂ ಇರಲಿಲ್ಲ ಅಮ್ಮ.”

ಒಂದು ಸಂಗತಿಯನ್ನು ಈ ಡೈರಿಯಲ್ಲೂ ಬರೆದಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ ನರ್ಸು ಒಪ್ಪಿಗೆಯ ಫಾರಂ ತಂದಳು, ಹತ್ತಿರದ ಸಂಬಂಧಿಕರ ರುಜು ಬೇಕು ಎಂದಳು. ತಂಗಿ ಹೊರಗೆ ಕೂತಿದ್ದಾಳೆ, ಹಾಕಿಸಿಕೊಂಡು ಬರುತ್ತೇನೆ ಎಂದು ಕಾರಿಡಾರಿಗೆ ಹೋದೆ. ಬೆಂಚಿನ ಮೇಲೆ ಕೂತು ‘ಪಂಕಜಾ’ ಎಂದು ನಾನೇ ಬರೆದೆ. ನಿಜವಾಗಿ ಒಬ್ಬರ ಜೊತೆ ಮಾತಾಡಿಕೊಂಡು ಬಂದ ಹಾಗಿರಲಿ ಎಂದು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಒಳಗೆ ಹೋಗಿ ಕೊಟ್ಟೆ. ಇವತ್ತು ಇದಷ್ಟನ್ನೂ ಅಮ್ಮನಿಗೆ ಹೇಳಿದೆ.

ಅಮ್ಮ ಕುರ್ಚಿ ಎಳೆದುಕೊಂಡ ಸದ್ದು ಕೇಳಿತು.

“ಪಂಕಜಾ ಹೆಸರು ಯಾಕೆ ಹಾಕಿದೆ?” ಎಂದಳು. “ನನ್ನ ಹೆಸರು ಹಾಕೋದಲ್ವೇನೇ.”